ಕಚೇರಿಗೆ ಏನು ಉಡಬೇಕು: ನಿಯಮ ಬರೆಯುವವರು ಬೇರೆ, ಲೆಕ್ಕ ಹಾಕುವವಳು ಬೇರೆ

ಮಹಾರಾಷ್ಟ್ರದಲ್ಲಿ ಕಚೇರಿಯ ಉಡುಪಿನ ಬಗ್ಗೆ ಕಳೆದ ಕೆಲವು ವರ್ಷಗಳಲ್ಲಿ ಬಂದ ಆದೇಶಗಳನ್ನು ಸಾಲಾಗಿ ಇಟ್ಟು ನೋಡಿದರೆ ತಲೆ ಗಿರ್ರೆನ್ನುತ್ತದೆ. 2020ರ ಡಿಸೆಂಬರ್‌ನಲ್ಲಿ ಸರ್ಕಾರಿ ನೌಕರರಿಗೆ ಜೀನ್ಸ್ ಬೇಡ, ಟೀ ಶರ್ಟ್ ಬೇಡ ಎಂಬ ಸುತ್ತೋಲೆ ಬಂತು. 2021ರ ಮಾರ್ಚ್ ಹೊತ್ತಿಗೆ ಜೀನ್ಸ್ ಆಗಬಹುದು, ಟೀ ಶರ್ಟ್ ಮಾತ್ರ ಬೇಡ ಎಂದಾಯಿತು. 2024ರ ಮಾರ್ಚ್‌ನಲ್ಲಿ ಶಾಲಾ ಶಿಕ್ಷಕರಿಗೆ ಬಂದ ಆದೇಶದಲ್ಲಿ ಜೀನ್ಸ್‌ಗೆ ಮತ್ತೆ ಬಾಗಿಲು ಮುಚ್ಚಿತು. ನಡುವೆ 2023ರ ಅಕ್ಟೋಬರ್‌ನಲ್ಲಿ ಐಟಿ ಕಂಪನಿ ಟಿಸಿಎಸ್ ತನ್ನ ನೌಕರರನ್ನು ಮನೆಯಿಂದ ಆಫೀಸಿಗೆ ವಾಪಸ್ ಕರೆಸಿಕೊಂಡ ಬೆನ್ನಿಗೇ ಉಡುಪಿನ ನಿಯಮವನ್ನೂ ನೆನಪಿಸಿತು. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿನ ಜಿಎಸ್‌ಟಿ ಬದಲಾಗಿ, ಆಫೀಸಿಗೆ ಹಾಕುವ ಬಟ್ಟೆಗಳಲ್ಲಿ ಕೆಲವು ಅಗ್ಗವಾದವು, ಕೆಲವು ದುಬಾರಿಯಾದವು.

ಮುಂಬೈ ಕಡೆಯ ಮಾಟುಂಗಾ, ಡೊಂಬಿವಿಲಿ, ಪುಣೆಯ ಹಿಂಜವಡಿಗಳಿಂದ ದಿನಾ ಕೆಲಸಕ್ಕೆ ಹೊರಡುವ ಕನ್ನಡದ ಹೆಣ್ಣುಮಕ್ಕಳಿಗೆ ಇದು ದೂರದ ಸುದ್ದಿಯೇನಲ್ಲ. ಚೆನ್ನಾಗಿ ಉಟ್ಟುಕೊಂಡು ಹೋದರೆ ‘ಅಲಂಕಾರಕ್ಕೇ ಟೈಮು ಸಾಲದು, ಕೆಲಸ ಯಾವಾಗ’ ಎಂಬ ಮಾತು. ಕೈಗೆ ಸಿಕ್ಕಿದ್ದು ಹಾಕಿಕೊಂಡು ಹೋದರೆ ‘ಕ್ಲೈಂಟ್ ಮುಂದೆ ಕೂರಿಸೋಕಾಗಲ್ಲ’ ಎಂಬ ಮಾತು. ಬರವಣಿಗೆಯಲ್ಲಿರುವ ನಿಯಮ ಬಟ್ಟೆ ಯಾವುದೆಂದು ಹೇಳುತ್ತದೆ. ಬಾಯಲ್ಲಿರುವ ನಿಯಮ ಅದಕ್ಕಿಂತ ಕಠಿಣ: ಚೆನ್ನಾಗಿ ಕಾಣಬೇಕು, ಆದರೆ ಅದಕ್ಕೆ ಪಟ್ಟ ಶ್ರಮ ಕಾಣಬಾರದು. ಗೊಂದಲದ ಬೇರು ಈ ಎರಡನೆಯದರಲ್ಲಿದೆ. ಬರೆದ ನಿಯಮಗಳು ಅದನ್ನು ಬಿಡಿಸುವ ಬದಲು ಇನ್ನಷ್ಟು ಬಿಗಿ ಮಾಡುತ್ತಿವೆ.

‘ಅಗತ್ಯವಿದ್ದರೆ ದುಪಟ್ಟಾ’

2020ರ ಸುತ್ತೋಲೆಯನ್ನೇ ಹತ್ತಿರದಿಂದ ನೋಡೋಣ. ಕೆಲವರು, ಅದರಲ್ಲೂ ಗುತ್ತಿಗೆಯ ನೌಕರರು ಮತ್ತು ಸಲಹೆಗಾರರು, ಸರ್ಕಾರಿ ಕಚೇರಿಗೆ ಒಪ್ಪುವಂತೆ ಉಡುವುದಿಲ್ಲ, ಇದರಿಂದ ಜನರ ಕಣ್ಣಲ್ಲಿ ಆಡಳಿತದ ಹೆಸರು ಕೆಡುತ್ತದೆ ಎಂಬುದು ಅದು ಕೊಟ್ಟ ಕಾರಣ. ಗಂಡಸರಿಗೆ ಶರ್ಟು, ಪ್ಯಾಂಟು ಎಂದರೆ ಮಾತು ಮುಗಿಯಿತು. ಹೆಂಗಸರಿಗೆ ಸೀರೆ, ಸಲ್ವಾರ್ ಅಥವಾ ಚೂಡಿದಾರ್ ಕುರ್ತಾ, ಪ್ಯಾಂಟಿನ ಮೇಲೆ ಕುರ್ತಾ ಇಲ್ಲವೇ ಶರ್ಟು, ಜೊತೆಗೆ ಅಗತ್ಯವಿದ್ದರೆ ದುಪಟ್ಟಾ. ಗಾಢ ಬಣ್ಣ, ವಿಚಿತ್ರ ಕಸೂತಿ, ಚಿತ್ರಗಳಿರುವ ಬಟ್ಟೆ ಯಾರಿಗೂ ಬೇಡ. ಶುಕ್ರವಾರ ಖಾದಿ.

ಅಗತ್ಯವಿದೆಯೇ ಇಲ್ಲವೇ ಎಂದು ತೀರ್ಮಾನಿಸುವವರು ಯಾರು? ಸುತ್ತೋಲೆ ಹೇಳುವುದಿಲ್ಲ. ಹೇಳದೆ ಇದ್ದಾಗ ಆ ಅಧಿಕಾರ ತಾನಾಗಿಯೇ ವಿಭಾಗದ ಮುಖ್ಯಸ್ಥರಿಗೆ, ಮೇಲ್ವಿಚಾರಕರಿಗೆ, ಕೊನೆಗೆ ಪಕ್ಕದ ಮೇಜಿನವರಿಗೂ ಹೋಗುತ್ತದೆ. ಗಂಡಸಿನ ಶರ್ಟಿನ ಮೇಲೆ ಇಂಥ ಷರತ್ತು ಇಲ್ಲ. ‘ವಿಚಿತ್ರ ಕಸೂತಿ’ ಎಂಬುದೂ ಹೀಗೇ. ಧಾರವಾಡದ ಕಸೂತಿಯ ಗೋಪುರ, ಆನೆ, ತೇರು ಇರುವ ಸೀರೆ ಉಟ್ಟವರು ಯಾವ ಸಾಲಿಗೆ ಸೇರುತ್ತಾರೆ? ಕೈಮಗ್ಗವನ್ನು ಬೆಳೆಸಲು ವಾರಕ್ಕೊಂದು ದಿನ ಎತ್ತಿಟ್ಟ ಸುತ್ತೋಲೆಯೇ ಉಳಿದ ದಿನ ಕೈಕೆಲಸದ ಮೇಲೆ ಅನುಮಾನದ ಕಣ್ಣಿಟ್ಟಿತು. ಬರೆದವರಿಗೆ ಆ ಉದ್ದೇಶ ಇದ್ದಿರಲಾರದು. ಆದರೆ ಪಟ್ಟಿ ಉದ್ದವಾದಷ್ಟೂ ಸಂದು ಹೆಚ್ಚುತ್ತದೆ, ಸಂದು ಹೆಚ್ಚಿದಷ್ಟೂ ಕಣ್ಣು ಹಾಕುವವರು ಹೆಚ್ಚುತ್ತಾರೆ.

ಶಿಕ್ಷಕರ ಆದೇಶದ್ದೂ ಇದೇ ರೂಪ. ಶಿಕ್ಷಕಿಯರಿಗೆ ಸೀರೆ, ಅಥವಾ ದುಪಟ್ಟಾ ಸಹಿತ ಸಲ್ವಾರ್, ಚೂಡಿದಾರ್, ಕುರ್ತಾ. ಶಿಕ್ಷಕರಿಗೆ ಶರ್ಟು, ಪ್ಯಾಂಟು, ಶರ್ಟು ಒಳಗೆ ಸೇರಿಸಿರಬೇಕು. ಇಲ್ಲಿ ‘ಅಗತ್ಯವಿದ್ದರೆ’ ಎಂಬ ರಿಯಾಯಿತಿಯೂ ಇಲ್ಲ.

ವಿಮಾನದಲ್ಲಿ, ನ್ಯಾಯಾಲಯದಲ್ಲಿ

ಸಮವಸ್ತ್ರ ಇದ್ದರೆ ಈ ತಲೆನೋವೇ ಇಲ್ಲ ಎಂಬ ವಾದವೂ ಇದೆ. ಅರ್ಧ ನಿಜ.

ಏರ್ ಇಂಡಿಯಾ ಗಗನಸಖಿಯರು ಮೊದಲು ತೊಡುತ್ತಿದ್ದುದು ಪಾಶ್ಚಾತ್ಯ ಶೈಲಿಯ ಸ್ಕರ್ಟು, ಕೋಟು. 1960ರ ದಶಕದಲ್ಲಿ ಸೀರೆ ಬಂತು. 2023ರ ಡಿಸೆಂಬರ್‌ನಲ್ಲಿ ಮನೀಶ್ ಮಲ್ಹೋತ್ರಾ ವಿನ್ಯಾಸದ ಹೊಸ ಸಮವಸ್ತ್ರ ಬಂದಾಗಲೂ ಸೀರೆ ಉಳಿಯಿತು. ಆದರೆ ಅದು ಮೊದಲೇ ಹೊಲಿದಿಟ್ಟ, ಬೇಕಾದರೆ ಪ್ಯಾಂಟಿನ ಮೇಲೂ ತೊಡಬಹುದಾದ ಸೀರೆ. ತುರ್ತು ಬಾಗಿಲು ತೆರೆದು ಜನರನ್ನು ಇಳಿಸಬೇಕಾದವರಿಗೆ ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಸಮವಸ್ತ್ರ ಬಟ್ಟೆಗೇ ನಿಲ್ಲಲಿಲ್ಲ. 2022ರ ನವೆಂಬರ್‌ನಲ್ಲಿ ಪತ್ರಿಕೆಗಳಲ್ಲಿ ವರದಿಯಾದ ಅದೇ ಸಂಸ್ಥೆಯ ಕೈಪಿಡಿಯಲ್ಲಿ ಬೊಟ್ಟು ಎಷ್ಟು ದೊಡ್ಡದಿರಬಹುದು, ಮುತ್ತಿನ ಓಲೆ ಏಕೆ ಬೇಡ ಎಂಬಲ್ಲಿಯವರೆಗೆ ನಿಯಮ ಇಳಿದಿತ್ತು. ಕೂದಲು ಉದುರುತ್ತಿರುವ ಗಂಡಸರು ತಲೆ ನುಣ್ಣಗೆ ಬೋಳಿಸಬೇಕು ಎಂದೂ ಇತ್ತು. ಅಂದರೆ ಗಂಡಸರಿಗೇನೂ ಬಿಸಿ ತಟ್ಟುವುದಿಲ್ಲ ಎನ್ನುವುದು ಸರಿಯಲ್ಲ.

ಇದೇ ಸಂಸ್ಥೆಯ ಮೇಲೆ 1981ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನರ್ಗೀಸ್ ಮಿರ್ಜಾ ತೀರ್ಪು ಗೊತ್ತಿದ್ದರೆ ಈ ಕಥೆಯ ಆಳ ತಿಳಿಯುತ್ತದೆ. ಮೊದಲ ಬಸಿರಿಗೇ ಕೆಲಸದಿಂದ ತೆಗೆಯುವ ನಿಯಮವನ್ನು ಕೋರ್ಟ್ ರದ್ದು ಮಾಡಿತು. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಕೂಡದು ಎಂಬ ನಿಯಮವನ್ನು ಮಾತ್ರ ಎತ್ತಿಹಿಡಿಯಿತು. ಉದ್ಯೋಗಸ್ಥೆಯ ದೇಹ ಎಲ್ಲಿಯವರೆಗೆ ಸಂಸ್ಥೆಯ ಸ್ವತ್ತು ಎಂಬ ಪ್ರಶ್ನೆಗೆ ನಮ್ಮಲ್ಲಿ ನೇರ ಉತ್ತರ ಯಾವತ್ತೂ ಸಿಕ್ಕಿಲ್ಲ. ಉಡುಪಿನ ಜಗಳ ಅದರದೇ ಕೊಂಬೆ.

ವಕೀಲರದು ಬೇರೆ ಬಗೆ. ಬಾರ್ ಕೌನ್ಸಿಲ್ ನಿಯಮದಂತೆ ವಕೀಲೆಯರಿಗೆ ಕರಿ ಕೋಟು, ಕೊರಳಿಗೆ ಬಿಳಿ ಬ್ಯಾಂಡು, ಜೊತೆಗೆ ಸೀರೆ ಅಥವಾ ಉದ್ದ ಸ್ಕರ್ಟು, ಇಲ್ಲವೇ ಬಿಳಿ ಯಾ ಕಪ್ಪು ಸಲ್ವಾರ್-ಚೂಡಿದಾರ್ ಕುರ್ತಾ. ದುಪಟ್ಟಾ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ನಿಯಮವೇ ಬಾಯಿಬಿಟ್ಟು ಹೇಳುತ್ತದೆ. ಮಹಾರಾಷ್ಟ್ರ ಸರ್ಕಾರದ ಸುತ್ತೋಲೆಗೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ: ಇಲ್ಲಿ ತೀರ್ಮಾನ ಉಡುವವಳದು. ಸೀರೆಗೆ ಬಿಳಿ, ಕಪ್ಪು ಅಥವಾ ತಿಳಿಯಾದ ಬಣ್ಣ, ಪ್ರಿಂಟು ಡಿಸೈನು ಇರಬಾರದು ಎಂಬ ಷರತ್ತಿದೆ. ಅಕ್ಷರಶಃ ಓದಿದರೆ ದಪ್ಪ ಕೆಂಪು ಅಂಚಿನ ಇಳಕಲ್ ಸೀರೆಗೆ ಬಾಂಬೆ ಹೈಕೋರ್ಟಿನಲ್ಲೂ ಅದರ ಗೋವಾ ಪೀಠದಲ್ಲೂ ಜಾಗವಿಲ್ಲ. ಬೇಸಿಗೆಯಲ್ಲಿ ಕೋಟಿಗೆ ಕೆಳ ನ್ಯಾಯಾಲಯಗಳಲ್ಲಿ ವಿನಾಯಿತಿ ಇದೆ, ಹೈಕೋರ್ಟಿನಲ್ಲಿ ಇಲ್ಲ. ಇಷ್ಟೆಲ್ಲ ಕಟ್ಟುಪಾಡಿದ್ದರೂ ಕಪ್ಪು ಬಿಳುಪಿನಲ್ಲಿ ಗಂಡು ಹೆಣ್ಣು ಇಬ್ಬರೂ ಒಂದೇ ಆಗುವುದರಿಂದ ವಕೀಲೆಯ ಅಭಿರುಚಿ ಕೋಟಿನ ಕಟ್ಟು, ಗಡಿಯಾರ, ಚಪ್ಪಲಿಗಳಲ್ಲಿ ಸುಮ್ಮನೆ ಉಳಿದುಕೊಳ್ಳುತ್ತದೆ. ಅದು ವಾದಕ್ಕೆ ಅಡ್ಡ ಬರುವುದು ಕಡಿಮೆ.

ಒಂದೇ ಸೀರೆ, ಎರಡು ಅರ್ಥ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಪರರ ಇಚ್ಛೆ ಒಂದೇ ಇರುವುದಿಲ್ಲ ಎನ್ನುವುದನ್ನು ಅದು ಹೇಳುವುದಿಲ್ಲ.

ಅಮೆರಿಕದಲ್ಲಿ 14,000ಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು ವಾಂಗ್ ಮತ್ತು ಪೆನ್ನರ್ ಎಂಬ ಸಮಾಜಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದಿದೆ. ಚೆನ್ನಾಗಿ ಕಾಣುವವರಿಗೆ ಸಂಬಳ ಹೆಚ್ಚು ಎಂಬುದು ಹಳೆಯ ಸಂಗತಿ. ಅವರು ಕಂಡುಕೊಂಡದ್ದು ಇನ್ನೂ ಒಂದು: ಹೆಂಗಸರ ವಿಷಯದಲ್ಲಿ ಆ ಹೆಚ್ಚುವರಿ ಹೆಚ್ಚುಕಡಿಮೆ ಪೂರ್ತಿಯಾಗಿ ಅಚ್ಚುಕಟ್ಟಿನಿಂದ, ಅಂದರೆ ಕೂದಲು, ಮೇಕಪ್ಪು, ಬಟ್ಟೆಗಳಿಂದ ಬಂದದ್ದು. ಗಂಡಸರಲ್ಲಿ ಅರ್ಧದಷ್ಟು ಮಾತ್ರ. ಅಲಂಕಾರ ಹೆಣ್ಣಿಗೆ ಆಯ್ಕೆಯ ವಿಷಯವಲ್ಲ, ಸಂಬಳದ ವಿಷಯ ಎಂದು ಇದರರ್ಥ.

ಇದರ ಎದುರು ಇನ್ನೊಂದು ಸಾಕ್ಷ್ಯ ಇಡಿ. 2005ರಲ್ಲಿ ಪೀಟರ್ ಗ್ಲಿಕ್ ಮತ್ತು ಸಂಗಡಿಗರು ಒಬ್ಬಳೇ ಮಹಿಳೆಯನ್ನು ಎರಡು ಬಗೆಯ ಉಡುಪಿನಲ್ಲಿ ತೋರಿಸಿದರು, ಕೆಲವರಿಗೆ ಅವಳು ಮ್ಯಾನೇಜರ್ ಎಂದರು, ಕೆಲವರಿಗೆ ರಿಸೆಪ್ಷನಿಸ್ಟ್ ಎಂದರು. ಸ್ವಲ್ಪ ಮಾದಕವಾಗಿ ಉಟ್ಟಾಗ ಮ್ಯಾನೇಜರಿನ ಸಾಮರ್ಥ್ಯದ ಅಂಕ ಇಳಿಯಿತು. ರಿಸೆಪ್ಷನಿಸ್ಟಿನದು ಇಳಿಯಲಿಲ್ಲ. 2015ರಲ್ಲಿ ಬ್ರಿಟನ್ನಿನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ವ್ಯತ್ಯಾಸ ಇನ್ನೂ ಚಿಕ್ಕದು: ಮುಖ ಮರೆಮಾಡಿದ ಚಿತ್ರ, ಸ್ಕರ್ಟು ಒಂದಿಷ್ಟು ಮೇಲೆ, ಬ್ಲೌಸಿನ ಒಂದು ಗುಂಡಿ ಬಿಚ್ಚಿದ್ದು. ಅಷ್ಟಕ್ಕೇ ಹಿರಿಯ ಮ್ಯಾನೇಜರ್ ಎಂದು ಹೇಳಿದ್ದ ಮಹಿಳೆಯ ಅಂಕ ಕುಸಿಯಿತು. ಹುದ್ದೆ ಏರಿದಷ್ಟೂ ಸಡಿಲ ಕಡಿಮೆ.

ಇವು ಪಶ್ಚಿಮದ ಪ್ರಯೋಗಗಳು. ಸ್ಕರ್ಟಿನ ಉದ್ದವನ್ನು ನಮ್ಮ ಸೀರೆಗೆ ನೇರ ತಗಲಿಸಲಾಗದು. ಆದರೆ ಹುದ್ದೆಗೆ ತಕ್ಕಂತೆ ಅರ್ಥ ಬದಲಾಗುವುದು ಮುಂಬೈಯಲ್ಲೂ ಕಣ್ಣಿಗೆ ಬೀಳುತ್ತದೆ. 2013ರಲ್ಲಿ ಸ್ಟೇಟ್ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷೆಯಾದ ಅರುಂಧತಿ ಭಟ್ಟಾಚಾರ್ಯ ಸೀರೆಯಲ್ಲೇ ಕಾಣಿಸಿಕೊಂಡರು, ಅದು ಅಧಿಕಾರದ ಗುರುತಾಗಿ ಕಂಡಿತು. ಬಾಂದ್ರಾ-ಕುರ್ಲಾ ಸಂಕೀರ್ಣದ ಯಾವುದೇ ಕಟ್ಟಡದ ಮುಂಗಟ್ಟಿನಲ್ಲಿ ನಿಂತ ಹುಡುಗಿಯ ಸೀರೆ ಸಮವಸ್ತ್ರವಾಗಿ ಕಾಣುತ್ತದೆ. ನಡುವಿನ ಮೆಟ್ಟಿಲಲ್ಲಿರುವ, ಇನ್ನೂ ಹೆಸರು ಮಾಡಬೇಕಾದ ಮೂವತ್ತರ ಆಸುಪಾಸಿನ ಅಧಿಕಾರಿಗೆ ಎರಡೂ ಅರ್ಥದ ರಕ್ಷಣೆ ಇಲ್ಲ. ಉಡುಪಿನ ಬಗ್ಗೆ ಅತಿ ಹೆಚ್ಚು ಯೋಚಿಸುವವಳು ಅವಳೇ. ಅದು ಶೋಕಿಯಿಂದಲ್ಲ.

ನೋಟ ಎಷ್ಟು ಎಡವಬಲ್ಲದು ಎಂಬುದಕ್ಕೆ ನಮ್ಮದೇ ಉದಾಹರಣೆ 2014ರ ಸೆಪ್ಟೆಂಬರಿನದು. ಮಂಗಳಯಾನ ಕಕ್ಷೆ ಸೇರಿದ ದಿನ ಬೆಂಗಳೂರಿನ ಇಸ್ರೋದಲ್ಲಿ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ನಗುತ್ತಿದ್ದ ಹೆಂಗಸರ ಚಿತ್ರ ಲೋಕವೆಲ್ಲ ಸುತ್ತಿತು. ‘ಹೂ ಮುಡಿದ ವಿಜ್ಞಾನಿಗಳು’ ಎಂದು ಜಗತ್ತು ಬೆರಗಾಯಿತು. ಚಿತ್ರದಲ್ಲಿದ್ದವರು ಆಡಳಿತ ವಿಭಾಗದವರು ಎಂದು ಇಸ್ರೋ ಆಮೇಲೆ ಸ್ಪಷ್ಟಪಡಿಸಿತು, ಯೋಜನೆಯಲ್ಲಿ ದುಡಿದ ವಿಜ್ಞಾನಿ ಮಹಿಳೆಯರು ಹಲವರಿದ್ದಾರೆ ಎಂದೂ ಹೇಳಿತು. ಬೆರಗಿಗೆ ಕಾರಣವಾದದ್ದು ಮಲ್ಲಿಗೆ ಹೂವು. ಮಾಟುಂಗಾ ಸ್ಟೇಶನ್ ಹೊರಗೆ ಹೂ ಕೊಂಡು ಲೋಕಲ್ ರೈಲು ಹತ್ತುವವರಿಗೆ ಅದರಲ್ಲಿ ಬೆರಗೇನೂ ಕಾಣದು.

ಹಿಂಜವಡಿಯಲ್ಲಿ ಲೆಕ್ಕ ತಿರುಗುಮುರುಗು

ಬ್ಯಾಂಕಿನಲ್ಲಿ ತೀರಾ ಸಾದಾ ಉಟ್ಟವಳಿಗೆ ಪೆಟ್ಟು. ಪುಣೆಯ ಐಟಿ ಪಾರ್ಕುಗಳಲ್ಲಿ ಅಲಂಕರಿಸಿಕೊಂಡು ಉಟ್ಟವಳಿಗೆ. ಇನ್ಫೋಸಿಸ್ 2015ರಲ್ಲಿ ಟೈ-ಶರ್ಟಿನ ಕಟ್ಟುಪಾಡು ಸಡಿಲಿಸಿದ ಮೇಲೆ ಗಂಡಸರು ಟೀ ಶರ್ಟಿಗೆ ಇಳಿದರು, ಟೀ ಶರ್ಟು ‘ಕೋಡ್ ಬರೆಯುವವನ’ ಗುರುತಾಯಿತು. ಅದೇ ಕೊಠಡಿಯಲ್ಲಿ ಇಸ್ತ್ರಿ ಮಾಡಿದ ಕುರ್ತಾ, ಕಾಡಿಗೆ, ಜುಮುಕಿ ಇದ್ದರೆ ಹೊಸಬರು ಅವಳನ್ನು ಎಚ್‌ಆರ್ ವಿಭಾಗದವಳು ಎಂದುಕೊಳ್ಳುವುದು ಸಾಮಾನ್ಯ. ಇಲ್ಲಿ ಉಡುಪು ಸಡಿಲವಾದದ್ದು ನಿಜ, ಗುರುತು ಸಡಿಲವಾಗಲಿಲ್ಲ. ಹಾಗಾಗಿ ‘ನಿಯಮವೇ ಬೇಡ’ ಎಂಬುದೂ ಪರಿಹಾರವಲ್ಲ. ಬರೆದ ನಿಯಮ ಹೋದ ಜಾಗಕ್ಕೆ ಬಾಯಿಮಾತಿನದು ಬಂದು ಕೂರುತ್ತದೆ, ಅದನ್ನು ಪ್ರಶ್ನಿಸಲು ಕಾಗದವೂ ಇರುವುದಿಲ್ಲ.

ಇದರ ನಡುವೆ ಒಂದು ತಮಾಷೆ. ಗುಳೇದಗುಡ್ಡದ ಖಣ ಈಗ ಪುಣೆಯ ಆಫೀಸುಗಳಲ್ಲಿ ಫ್ಯಾಷನ್. ಖಣದ ಕುಪ್ಪಸ, ಖಣದ ಕುರ್ತಾ, ಖಣದ ಲ್ಯಾಪ್‌ಟಾಪ್ ಚೀಲ ಕೂಡ. ಬಾಗಲಕೋಟೆ ಕಡೆಯವರಿಗೆ ಅದು ಅಜ್ಜಿಯ ಪೆಟ್ಟಿಗೆಯ ಬಟ್ಟೆ.

ಯಾರ ವಾದ ಏನು

ನಿಯಮ ಬೇಕೆನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಆಸ್ಪತ್ರೆ, ವಿಮಾನ, ಕಾರ್ಖಾನೆಗಳಲ್ಲಿ ಉಡುಪು ಸುರಕ್ಷತೆಯ ಪ್ರಶ್ನೆ. ಸರ್ಕಾರಿ ಕಚೇರಿಯಲ್ಲಿ ನೌಕರ ಯಾರು, ಬಂದವರು ಯಾರು ಎಂದು ಜನರಿಗೆ ತಿಳಿಯಬೇಕು. ಎಲ್ಲರೂ ಒಂದೇ ಬಗೆ ಉಟ್ಟರೆ ಸಿರಿವಂತಿಕೆಯ ಪ್ರದರ್ಶನ ತಗ್ಗುತ್ತದೆ ಎಂಬುದರಲ್ಲೂ ಹುರುಳಿದೆ, ಮುಖ್ಯವಾಗಿ ಶಾಲೆಯಲ್ಲಿ.

ಬೇಡವೆನ್ನುವವರು ಹೇಳುವುದು: ಸುರಕ್ಷತೆಗೆ, ಗುರುತಿಗೆ ಬೇಕಾದದ್ದನ್ನು ಗುರುತಿನ ಚೀಟಿ, ಬೂಟು, ಕೋಟು ಮಾಡುತ್ತವೆ. ದುಪಟ್ಟಾದಿಂದ ಯಾವ ಕಡತವೂ ಬೇಗ ಸಾಗುವುದಿಲ್ಲ. ಮೂರನೆಯ ಗುಂಪು, ಹೆಚ್ಚಾಗಿ ಮೇಲೇರಿದ ಹಿರಿಯ ಹೆಂಗಸರು, ‘ಮೊದಲು ಅವರಂತೆ ಉಟ್ಟು ಮೇಲೆ ಬನ್ನಿ, ಆಮೇಲೆ ನಿಮ್ಮಂತೆ ಉಡಿ’ ಎನ್ನುತ್ತದೆ. ಒಬ್ಬೊಬ್ಬಳ ಮಟ್ಟಿಗೆ ಇದು ಫಲಿಸುವ ಸಲಹೆ. ಆದರೆ ಇಷ್ಟಪಟ್ಟು ಉಡುವುದನ್ನು ಹದಿನೈದು ವರ್ಷ ಮುಂದೂಡಿ ಎಂದೇ ಅದರ ತಾತ್ಪರ್ಯ, ಮತ್ತು ಅದೇ ಹದಿನೈದು ವರ್ಷ ಗಂಡಸು ಒಳ್ಳೆಯ ಗಡಿಯಾರ ಕಟ್ಟಿಕೊಂಡರೆ ಅಭಿರುಚಿ ಎನ್ನುತ್ತಾರೆ. ಬಟ್ಟೆಯ ಬಗ್ಗೆ ತಿಳಿವಳಿಕೆ ಇರುವುದೂ ಒಂದು ಕಸುಬುದಾರಿಕೆ ಎಂದು ಒಪ್ಪಲು ಇರುವ ಹಿಂಜರಿಕೆ ಮೂರೂ ಗುಂಪಿನಲ್ಲಿ ಇದೆ.

ಜೇಬಿಗೆ ಬೀಳುವ ಹೊರೆ

ಹೊಸ ಜಿಎಸ್‌ಟಿಯಲ್ಲಿ ಒಂದು ಉಡುಪಿಗೆ ₹2,500ರವರೆಗೆ ಶೇ. 5, ಅದರ ಮೇಲೆ ಶೇ. 18. ಮೊದಲು ₹1,000ದವರೆಗೆ ಶೇ. 5, ಮೇಲೆ ಶೇ. 12 ಇತ್ತು. ₹1,800ರ ಕುರ್ತಾಕ್ಕೆ ತೆರಿಗೆ ₹216 ಇದ್ದದ್ದು ₹90ಕ್ಕೆ ಇಳಿಯಿತು. ₹3,000ದ ಬ್ಲೇಜರಿಗೆ ₹360 ಇದ್ದದ್ದು ₹540ಕ್ಕೆ ಏರಿತು. ಪಾದರಕ್ಷೆಗೂ ₹2,500ರ ಗೆರೆಯೇ.

ಸೀರೆ ಹೊಲಿಯದ ಬಟ್ಟೆಯ ಲೆಕ್ಕಕ್ಕೆ ಬರುವುದರಿಂದ ಬೆಲೆ ಎಷ್ಟಿದ್ದರೂ ಶೇ. 5. ಅಂದರೆ ₹8,000ದ ಸೀರೆಗೆ ₹400, ₹3,000ದ ಬ್ಲೇಜರಿಗೆ ಅದಕ್ಕಿಂತ ಹೆಚ್ಚು. ನೇಕಾರಿಕೆಗೆ ಇದರಿಂದ ಅನುಕೂಲ, ತಪ್ಪಿಲ್ಲ. ಆದರೆ ಬ್ಲೇಜರ್ ಕೇಳುವ ಕಚೇರಿಯಲ್ಲಿ ಕೆಲಸ ಶುರುಮಾಡುವ ಹುಡುಗಿಗೆ ಪರಿಣಾಮ ನೇರ. ದಾರಿ ಒಂದಿದೆ: ಬಟ್ಟೆ ಕೊಂಡು ಹೊಲಿಸುವುದು, ಯಾಕೆಂದರೆ ಬಟ್ಟೆಗೂ ಶೇ. 5. ಕ್ರಾಫರ್ಡ್ ಮಾರ್ಕೆಟ್ ಬಳಿಯ ಮಂಗಳದಾಸ್ ಮಾರ್ಕೆಟಿನಲ್ಲಿ, ಪುಣೆಯ ಲಕ್ಷ್ಮೀ ರೋಡಿನಲ್ಲಿ 58 ಇಂಚು ಪನ್ನದ, ಅಂದರೆ ಅಗಲದ, ಸೂಟಿಂಗ್ ಬಟ್ಟೆ ಸಿಗುತ್ತದೆ. ತುಂಬುತೋಳಿನ ಬ್ಲೇಜರಿಗೆ ಸುಮಾರು 2 ಮೀಟರ್, ಪ್ಯಾಂಟಿಗೆ 1.25 ಮೀಟರ್ ಬೇಕು.

ಬಟ್ಟೆ ಎಲ್ಲಿ ಕೈಕೊಡುತ್ತದೆ

ಗಂಭೀರವಾಗಿ ಕಾಣುವುದು ಬೆಲೆಗಿಂತ ಅಳತೆಗೆ ಸೇರಿದ್ದು. ಹೆಂಗಸರ ಸಿದ್ಧ ಉಡುಪಿಗೆ ನಮ್ಮಲ್ಲಿ ಒಂದು ಅಳತೆ ಇಲ್ಲ, ಒಂದು ಬ್ರ್ಯಾಂಡಿನ ಎಂ ಇನ್ನೊಂದರ ಎಲ್. ಇದನ್ನು ಸರಿಮಾಡಲೆಂದೇ ಜವಳಿ ಸಚಿವಾಲಯ ಮತ್ತು ಫ್ಯಾಷನ್ ಶಿಕ್ಷಣ ಸಂಸ್ಥೆ ನಿಫ್ಟ್ ಕೈಗೆತ್ತಿಕೊಂಡ ‘ಇಂಡಿಯಾಸೈಜ್’ ಯೋಜನೆಯಲ್ಲಿ ಮುಂಬೈ ಸೇರಿ ಆರು ನಗರಗಳಲ್ಲಿ 25,000 ಜನರ ದೇಹವನ್ನು ಸ್ಕ್ಯಾನರಿನಿಂದ ಅಳೆಯುವ ಗುರಿ ಇತ್ತು. ಅಂಗಡಿಯಲ್ಲಿ ಅದರ ಫಲ ಕಾಣುವವರೆಗೆ ಕಣ್ಣೇ ಟೇಪು.

ಬ್ಲೇಜರಿನಲ್ಲಿ ಮೊದಲು ನೋಡಬೇಕಾದದ್ದು ಭುಜ. ಹೊಲಿಗೆ ಭುಜದ ಮೂಳೆಯ ತುದಿಯಲ್ಲೇ ಮುಗಿಯಬೇಕು. ಆಚೆ ಜಾರಿದರೆ ಅಣ್ಣನ ಕೋಟು ತೊಟ್ಟಂತೆ, ಈಚೆ ನಿಂತರೆ ಕೈ ಎತ್ತಿ ಬೋರ್ಡಿನ ಮೇಲೆ ಬರೆಯಲಾಗದು. ಗುಂಡಿ ಹಾಕಿದಾಗ ಸೊಂಟದಲ್ಲಿ ಗುಣಾಕಾರ ಚಿಹ್ನೆಯಂಥ ಸುಕ್ಕು ಮೂಡಿದರೆ ಬಿಗಿ ಎಂದರ್ಥ. ಸೊಂಟ, ತೋಳಿನ ಉದ್ದ, ಕೆಳಗಿನ ಅಂಚನ್ನು ಯಾವ ದರ್ಜಿಯಾದರೂ ಸರಿಮಾಡಿಯಾರು. ಭುಜ ಮತ್ತು ಕಂಕುಳಿನ ಸುತ್ತು ಕೆಟ್ಟಿದ್ದರೆ ಕೊಳ್ಳದಿರುವುದೇ ಲೇಸು, ಇಡೀ ಕೋಟು ಬಿಚ್ಚಬೇಕಾಗುತ್ತದೆ. ಹೊಸ ಕೋಟಿನ ಜೇಬು ಮುಚ್ಚಿದ್ದರೆ ಎಳೆ ಎಳೆದು ನೋಡಿ. ಕೆಲವು ಆಕಾರ ಕೆಡದಿರಲೆಂದು ಹಾಕಿದ ಕಚ್ಚಾ ಹೊಲಿಗೆ, ಬಿಚ್ಚಿದರೆ ಒಳಗೆ ನಿಜವಾದ ಜೇಬಿರುತ್ತದೆ. ಕೆಲವಕ್ಕೆ ಜೇಬೇ ಇರುವುದಿಲ್ಲ, ಫೋನು ಕೈಯಲ್ಲೇ. ಹೊಲಿಸುವುದಾದರೆ ತೋಳು ಜೋಡಿಸುವ ಮೊದಲು ಒಂದು ಟ್ರಯಲ್ ಕೇಳಿ.

ಬ್ಲೇಜರಿನ ಒಳಗಿನ ಲೈನಿಂಗ್ ಮುಂಬೈಗೆ ಮುಖ್ಯ. ಪಾಲಿಯೆಸ್ಟರ್ ಲೈನಿಂಗ್ ಬೆವರು ಹೀರುವುದಿಲ್ಲ, ಲೋಕಲಿನಿಂದ ಇಳಿದು ಎಸಿಗೆ ಹೋದರೆ ಬೆನ್ನು ಒದ್ದೆಯಾಗೇ ತಣ್ಣಗಾಗುತ್ತದೆ. ವಿಸ್ಕೋಸ್ ಲೈನಿಂಗ್, ಅದೂ ಬೆನ್ನಿನ ಅರ್ಧಕ್ಕೆ ಮಾತ್ರ, ವಾಸಿ. ಬೆವರಿನ ಕಲೆ ಬೂದು ಮತ್ತು ತಿಳಿನೀಲಿಯಲ್ಲಿ ಎದ್ದು ಕಾಣುತ್ತದೆ. ಬಿಳಿ, ಕಡುನೀಲಿ, ಕಪ್ಪಿನಲ್ಲಿ ಕಾಣದು. ಶರ್ಟಿನ ಎದೆಯ ಗುಂಡಿಗಳ ನಡುವೆ ಬಾಯಿ ಬಿಡುವುದು ಅಳತೆಯ ದೋಷ, ದೇಹದ್ದಲ್ಲ. ಎರಡನೆಯ ಮತ್ತು ಮೂರನೆಯ ಗುಂಡಿಯ ನಡುವೆ ಒಳಗಡೆ ಒಂದು ಟಿಚ್ ಬಟನ್ ಹಾಕಿಸಿದರೆ ಮುಗಿಯಿತು.

ಸೀರೆಯಲ್ಲಿ ತಂಟೆ ಬರುವುದು ಸೆರಗಿನ ಪಿನ್ನಿನಲ್ಲಿ. ಲೋಕಲ್ ರೈಲಿನ ಮಹಿಳೆಯರ ಡಬ್ಬಿಯ ನೂಕಿನಲ್ಲಿ ಸೆರಗು ಎಳೆದಾಗ ಪಿನ್ನು ಎಲ್ಲಿ ಚುಚ್ಚಿದೆಯೋ ಅಲ್ಲಿ ಬಟ್ಟೆ ಹರಿಯುತ್ತದೆ. ಕುಪ್ಪಸದ ಭುಜದ ಹೊಲಿಗೆಯ ಮೇಲೆ, ಬಟ್ಟೆ ಎರಡು ಪದರ ಇರುವ ಜಾಗದಲ್ಲೇ, ಹಿಂದಿನಿಂದ ಚುಚ್ಚಬೇಕು. ಪಿನ್ನಿನ ಸುರುಳಿಯ ಬುಡಕ್ಕೆ ಒಂದು ಚಿಕ್ಕ ಮಣಿ ಪೋಣಿಸಿದರೆ ರೇಷ್ಮೆಯ ಎಳೆ ಸುರುಳಿಗೆ ಸಿಕ್ಕಿಕೊಳ್ಳದು. ನೆರಿಗೆ ಹಾಕುವಾಗ ಆಫೀಸಿನ ಚಪ್ಪಲಿ ತೊಟ್ಟೇ ಎತ್ತರ ನೋಡಬೇಕು. ಮಳೆಗಾಲದಲ್ಲಿ ಗಂಜಿ ಹಾಕಿದ ಕಾಟನ್ ಸೀರೆ ದಾದರ್ ದಾಟುವಷ್ಟರಲ್ಲಿ ಸೋಲುತ್ತದೆ, ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೇಷ್ಮೆ-ಹತ್ತಿ ಮಿಶ್ರಣದ ಇಳಕಲ್ ಹೆಚ್ಚು ಬಾಳುತ್ತದೆ. ಕೆಂಪು ಅಂಚು ಬಣ್ಣ ಬಿಡಬಹುದು, ಮೊದಲ ಎರಡು ಒಗೆತ ಬೇರೆಯಾಗಿ, ತಣ್ಣೀರಿನಲ್ಲಿ. ಖಣದ ಪನ್ನ ಕಿರಿದು, ಮುಕ್ಕಾಲು ತೋಳಿನ ಕುಪ್ಪಸಕ್ಕೆ ದರ್ಜಿಯನ್ನು ಕೇಳಿಯೇ ಅಳತೆ ಕೊಳ್ಳಿ. ಲೈನಿಂಗ್ ಕಾಟನ್ನನ್ನು ಹೊಲಿಯುವ ಮೊದಲೇ ನೆನೆಸಿ ಒಣಗಿಸದಿದ್ದರೆ ಮೊದಲ ಒಗೆತದಲ್ಲಿ ಅದು ಕುಗ್ಗಿ ಮೇಲಿನ ಬಟ್ಟೆ ಮುದುಡುತ್ತದೆ.

ಇಷ್ಟು ತಿಳಿದವಳನ್ನು ‘ಶೋಕಿ’ ಎನ್ನುವವರು ಕಾರಿನ ಮೈಲೇಜು ತಿಳಿದವನನ್ನು ಹಾಗೆನ್ನುವುದಿಲ್ಲ.

ಕಾನೂನು ಎಲ್ಲಿಯವರೆಗೆ

ಸರ್ಕಾರ ಹೊರಡಿಸಿದ ಉಡುಪಿನ ಆದೇಶವನ್ನು ಸಂವಿಧಾನದ 14, 15, 16ನೇ ವಿಧಿಗಳ ಅಡಿ ಪ್ರಶ್ನಿಸಬಹುದು. ಖಾಸಗಿ ಕಂಪನಿಯ ಕೈಪಿಡಿಗೆ ಈ ದಾರಿ ನೇರವಾಗಿ ಇಲ್ಲ, ಅಲ್ಲಿರುವುದು ನೇಮಕಾತಿಯ ಕರಾರು. ಹಾಗಾಗಿ ಸಹಿ ಹಾಕುವ ಮೊದಲೇ ಉಡುಪಿನ ನಿಯಮ ಕೇಳಿ ಓದುವುದು ಒಳ್ಳೆಯದು.

ಉಡುಪಿನ ಮೇಲೆ ಬರುವ ಮಾತುಗಳ ವಿಷಯ ಬೇರೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಬೇಡವಾದ, ಲೈಂಗಿಕ ಅರ್ಥದ ಮಾತು ಕಿರುಕುಳವೇ. ‘ಸೀರೆ ಚೆನ್ನಾಗಿದೆ’ ಎಂಬ ಒಂದು ಮಾತು ಆ ಗೆರೆ ದಾಟುವುದಿಲ್ಲ. ಮೈಕಟ್ಟಿನ ಬಗ್ಗೆ, ಬೇಡವೆಂದ ಮೇಲೂ ಪದೇಪದೇ ಆಡಿದ ಮಾತು ದಾಟುತ್ತದೆ. 10 ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಕಡ್ಡಾಯ, ಅದಕ್ಕಿಂತ ಚಿಕ್ಕ ಕಚೇರಿಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದಿನಾಂಕ ಮತ್ತು ಆಡಿದ ಪದಗಳನ್ನು ಬರೆದಿಡದಿದ್ದರೆ ದೂರು ಸೊರಗಬಹುದು, ಆದ್ದರಿಂದ ಅದೇ ಸಂಜೆ ಬರೆದಿಡಬೇಕು.

ನ್ಯಾಯಾಲಯದ ಭಾಷೆಯಲ್ಲೂ ಬದಲಾವಣೆ ಬಂದಿದೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೊರತಂದ ಕೈಪಿಡಿ ‘ಪ್ರಚೋದಕ ಉಡುಪು’ ಎನ್ನುವಲ್ಲಿ ಬರೀ ‘ಉಡುಪು’ ಎಂದು ಬರೆಯಲು ನ್ಯಾಯಾಧೀಶರಿಗೆ ಸೂಚಿಸಿತು. ಕಚೇರಿಗಳನ್ನು ಅದು ಕಟ್ಟಿಹಾಕುವುದಿಲ್ಲ.

ಮುಂದೆ ಏನಾಗಬಹುದು

ಸರ್ಕಾರಿ ಆದೇಶಗಳು ಹೀಗೇ ಬಂದು ಹೋಗುತ್ತಿದ್ದರೆ ಕಾಯಂ ನೌಕರರು ಒಂದಿಷ್ಟು ದಿನ ಪಾಲಿಸಿ ಸುಮ್ಮನಾಗುತ್ತಾರೆ. ಪೆಟ್ಟು ತಿನ್ನುವವರು ಗುತ್ತಿಗೆಯವರು. ಅವರ ಕರಾರು ಚಿಕ್ಕ ಅವಧಿಯದು, ಉಡುಪಿನ ಬಗ್ಗೆ ಒಂದು ಮಾತು ಬಂದರೂ ನವೀಕರಣಕ್ಕೆ ಕುತ್ತು. 2020ರ ಸುತ್ತೋಲೆ ಬೊಟ್ಟು ಮಾಡಿದ್ದೂ ಅವರ ಕಡೆಗೇ. ಗೋವಾದ ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ ದುಡಿಯುವ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಸ್ಥಿತಿಯೂ ಇದೇ: ಸಮವಸ್ತ್ರ ಸಂಸ್ಥೆ ಹೇಳುತ್ತದೆ, ಒಗೆಯುವ ಇಸ್ತ್ರಿ ಮಾಡುವ ಖರ್ಚು ಬಹಳ ಕಡೆ ಅವರದೇ.

ನಿಯಮ ಚಿಕ್ಕದಾಗಲಿ ಎನ್ನುವವರು ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ ಉದಾಹರಣೆ ಕೊಡುತ್ತಾರೆ. ಆಗ ಅಲ್ಲಿ ಎಚ್‌ಆರ್ ಮುಖ್ಯಸ್ಥೆಯಾಗಿದ್ದ ಮೇರಿ ಬಾರಾ ಹತ್ತು ಪುಟದ ಉಡುಪಿನ ನಿಯಮ ತೆಗೆದು ‘ಸಂದರ್ಭಕ್ಕೆ ತಕ್ಕಂತೆ ಉಡಿ’ ಎಂಬಷ್ಟಕ್ಕೆ ಇಳಿಸಿದರು. ಇಷ್ಟು ಸಾಲದು ಎಂದು ಒಬ್ಬ ಮ್ಯಾನೇಜರ್ ತಕರಾರು ತೆಗೆದ, ಅವನ ತಂಡಕ್ಕೆ ದಿಢೀರನೆ ಸರ್ಕಾರಿ ಅಧಿಕಾರಿಗಳನ್ನು ಭೇಟಿಯಾಗುವ ಪ್ರಸಂಗ ಬರುತ್ತಿತ್ತು. ತಂಡದವರೇ ಕೂತು ಮಾತಾಡಿದರು. ಭೇಟಿಗೆ ಹೋಗುವವರು ಒಂದೊಂದು ಒಳ್ಳೆ ಪ್ಯಾಂಟನ್ನು ಲಾಕರಿನಲ್ಲಿ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು.

ಮುಂಬೈಯಲ್ಲಿ ಇದನ್ನು ಜಾರಿಗೆ ತರುವುದಾದರೆ ಮೊದಲು ಲಾಕರು ಬೇಕು. ವಿರಾರ್‌ನಿಂದ, ಕಲ್ಯಾಣದಿಂದ ಬರುವವಳು ರಬ್ಬರ್ ಚಪ್ಪಲಿಯಲ್ಲಿ ಬಂದು, ಆಫೀಸಿನಲ್ಲಿ ಬೂಟು ತೊಟ್ಟು, ಕೋಟನ್ನು ಅಲ್ಲೇ ತೂಗುಹಾಕಿ ಹೋಗುವುದು ಜಾಣತನ. ಆದರೆ ಮೇಜು ಇವತ್ತೊಬ್ಬರದು ನಾಳೆ ಇನ್ನೊಬ್ಬರದು ಎನ್ನುವ ಹಾಟ್ ಡೆಸ್ಕ್ ವ್ಯವಸ್ಥೆ ಬಂದ ಕಚೇರಿಗಳಲ್ಲಿ ಅವಳ ಡ್ರಾಯರೂ ಹೋಗಿದೆ, ಕೋಟಿನ ಮೊಳೆಯೂ ಹೋಗಿದೆ. ಉಡುಪಿನ ನಿಯಮ ನೆನಪಿಸುವ ಇಮೇಲು ಬಂದಾಗ ಎಚ್‌ಆರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ: ಕೋಟು ಎಲ್ಲಿಡಬೇಕು?